95ನೇ ಮಾದರಿಯ ಜಪಾನಿ ಸೇನಾ ಕತ್ತಿಯ ಪ್ರತಿಕೃತಿ: ಹಿಡಿ ಒಪ್ಪುತ್ತದೆ, ಅಲಗು ಒಪ್ಪುವುದಿಲ್ಲ

ಜಪಾನಿನ ಭೂಸೇನೆ 1935ರಲ್ಲಿ ತನ್ನ ಹವಾಲ್ದಾರ್ ದರ್ಜೆಯವರಿಗಾಗಿ ಜಾರಿಗೆ ತಂದ 95ನೇ ಮಾದರಿಯ ಕತ್ತಿಯ ಹರಿತವಿಲ್ಲದ ಪ್ರತಿಕೃತಿಯೊಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿಕೊಂಡೆ. ಸೇನಾ ಇತಿಹಾಸದ ಅಭ್ಯಾಸಿಗಳಿಗೆ ಇದು ಎಷ್ಟರಮಟ್ಟಿಗೆ ಉಪಯುಕ್ತ ಎಂಬುದಷ್ಟೇ ಇಲ್ಲಿನ ವಿಚಾರ.

ಅಂದಿನ ಅಧಿಕಾರಿಗಳು ಕತ್ತಿಯನ್ನು ಸ್ವಂತ ಹಣದಿಂದ ಕೊಳ್ಳಬೇಕಿತ್ತು. ಮನೆತನದ ಹಳೆಯ ಅಲಗಿಗೆ ಸೇನಾ ಹಿಡಿಯನ್ನು ಜೋಡಿಸಿಕೊಂಡವರೂ ಇದ್ದರು. ಹವಾಲ್ದಾರನ ಕತ್ತಿಯಾದರೋ ಸರ್ಕಾರದ ಸ್ವತ್ತು. ಯಂತ್ರದಲ್ಲಿ ತಯಾರಾಗಿ, ತಪಾಸಣೆಯ ಮುದ್ರೆ ಬಿದ್ದು, ಅಲಗಿಗೂ ಒರೆಗೂ ಒಂದೇ ಸಂಖ್ಯೆ ಹಾಕಿಸಿಕೊಂಡು ಅದು ಸೈನಿಕನ ಕೈಸೇರುತ್ತಿತ್ತು. ಈ ಕಾರ್ಖಾನೆಯ ಗುಣವೇ ಅದರ ಐತಿಹಾಸಿಕ ಮಹತ್ವವೆಂದು ನಾನು ಬಲವಾಗಿ ನಂಬಿದ್ದೇನೆ.

ಹಿಡಿಯ ಮಟ್ಟಿಗೆ ತಯಾರಕರು ಇದನ್ನು ಗ್ರಹಿಸಿದ್ದಾರೆ. ಮೂಲದಲ್ಲಿ ಮೊದಲು ತಾಮ್ರದಿಂದ, ಆಮೇಲೆ ಅಲ್ಯೂಮಿನಿಯಂನಿಂದ ಎರಕ ಹೊಯ್ದು, ದಾರ ಸುತ್ತಿದಂತೆ ಕಾಣಲೆಂದು ಬಣ್ಣ ಬಳಿಯುತ್ತಿದ್ದರು. ಪ್ರತಿಕೃತಿಯ ಅಲ್ಯೂಮಿನಿಯಂ ಹಿಡಿಯಲ್ಲಿ ದಾರದ ಎಳೆಗಳೂ ಅವುಗಳ ನಡುವಿನ ವಜ್ರಾಕಾರದ ಕುಳಿಗಳೂ ಸ್ಪಷ್ಟವಾಗಿ ಮೂಡಿವೆ. ಅಲಗನ್ನು ಹಿಡಿಗೆ ಬಿಗಿಯಲು ಸಾಂಪ್ರದಾಯಿಕ ಬಿದಿರಿನ ಬೆಣೆಯ ಬದಲು ಸ್ಕ್ರೂ ಹಾಕಿರುವುದೂ ಮೂಲಕ್ಕೆ ನಿಷ್ಠವಾಗಿದೆ. ಹೆಬ್ಬೆರಳಿನಿಂದ ಒತ್ತಿದೊಡನೆ, ಕತ್ತಿಯನ್ನು ಒರೆಯಲ್ಲಿ ಹಿಡಿದಿಡುವ ಚಿಲಕ ಬಿಟ್ಟುಕೊಳ್ಳುತ್ತದೆ, ಒರೆ ಅಲುಗಾಡುವುದಿಲ್ಲ.

ಅಲಗಿನ ವಿಷಯ ಬೇರೆ. ಅಂಚಿನುದ್ದಕ್ಕೂ ಆಮ್ಲದಿಂದ ಕೊರೆದ ಅಲೆಯಂಥ ಗೆರೆಯೊಂದಿದೆ. ಮಣ್ಣು ಬಳಿದು ಹದ ಹಾಕಿದ ಸಾಂಪ್ರದಾಯಿಕ ಕತ್ತಿಗಳಲ್ಲಿ ಸಹಜವಾಗಿ ಮೂಡುವ ಆ ಗೆರೆ, ಯಂತ್ರದಲ್ಲಿ ತಯಾರಾಗಿ ಎಣ್ಣೆಯಲ್ಲಿ ಹದಗೊಂಡ 95ನೇ ಮಾದರಿಯಲ್ಲಿ ಇರುತ್ತಲೇ ಇರಲಿಲ್ಲ. ಅಲಗಿನ ಸಂಖ್ಯೆಗೂ ಒರೆಯ ಸಂಖ್ಯೆಗೂ ತಾಳೆಯಿಲ್ಲ. ಇವೆರಡನ್ನು ಸರಿಪಡಿಸಲು ಹೆಚ್ಚಿನ ಖರ್ಚೇನೂ ಬೇಕಿರಲಿಲ್ಲ. ಅಧ್ಯಯನಕ್ಕೆಂದೇ ಮಾರುವ ವಸ್ತುವಿನಲ್ಲಿ ಇವು ದೊಡ್ಡ ದೋಷಗಳು.

ಜೊತೆಗೆ ಬಂದ ಕರಪತ್ರ ನನಗೆ ಇನ್ನೂ ಹೆಚ್ಚು ಬೇಸರ ತಂದಿತು. ಅದರ ತುಂಬ ಸಮುರಾಯಿಗಳ ಗೌರವದ ಮಾತಿದೆಯೇ ಹೊರತು, 1873ರಲ್ಲಿ ಟೋಕಿಯೋದಲ್ಲಿ ಆರಂಭವಾದ ತೋಯಾಮಾ ಸೇನಾ ಶಾಲೆಯ ಹೆಸರಿಲ್ಲ. ಬೂಟು ತೊಟ್ಟು ನಿಂತ ಸೈನಿಕನಿಗೆ ತಕ್ಕಂತೆ, ಕುಳಿತು ಕತ್ತಿ ಹಿರಿಯುವ ಹಳೆಯ ಪಟ್ಟುಗಳನ್ನು ಬಿಟ್ಟು, ನಿಂತೇ ಬೀಸುವ ಕ್ರಮವನ್ನು 1925ರಲ್ಲಿ ರೂಪಿಸಿದ್ದು ಆ ಶಾಲೆಯೇ. ಎರಡನೇ ಮಹಾಯುದ್ಧದಲ್ಲಿ ಇಂಥ ಸೇನಾ ಕತ್ತಿಗಳಿಂದ ಸೆರೆಯಾಳುಗಳ ಶಿರಚ್ಛೇದ ನಡೆಯಿತೆಂಬ ಸತ್ಯವನ್ನೂ ಕರಪತ್ರ ಮುಚ್ಚಿಟ್ಟಿದೆ. ಮಾರುವವರು ಅದನ್ನು ಹೇಳಲೇಬೇಕು.

ಹಿಡಿಯ ರಚನೆಯನ್ನು ಕೈಯಾರೆ ಹಿಡಿದು ನೋಡಬಯಸುವವರು ಇದನ್ನು ಕೊಳ್ಳಬಹುದು. ಸಾಮಾನ್ಯ ಸಿಪಾಯಿಯ ತರಬೇತಿಯನ್ನು ಅರಿಯಬೇಕೆನ್ನುವವರಿಗೆ ಇದು ಬೇಡ. ಅವನ ಆಯುಧ ಕತ್ತಿಯಲ್ಲ, 40 ಸೆಂಟಿಮೀಟರ್ ಅಲಗಿನ, 1897ರ 30ನೇ ಮಾದರಿಯ ಬಾಯೊನೆಟ್. ಅದನ್ನು 38ನೇ ಮಾದರಿಯ ಬಂದೂಕಿಗೆ ಸಿಕ್ಕಿಸಿದಾಗ ಆಗುವ ಉದ್ದ ಸುಮಾರು 166 ಸೆಂಟಿಮೀಟರ್. ಬಾಯೊನೆಟ್ ವರಸೆಯಿಂದ ಬೆಳೆದ ಜಪಾನಿ ಸಮರಕಲೆಯಾದ ಇಂದಿನ ಜೂಕೆಂದೋ ಅಭ್ಯಾಸದಲ್ಲಿ ಬಳಸುವ, ತುದಿಗೆ ರಬ್ಬರ್ ಹಾಕಿದ ಮರದ ಬಂದೂಕಿಗೂ ಅದೇ ಉದ್ದವಿದೆ. ಅಂಥವರು ಈ ಹಣವನ್ನು ಆ ಮರದ ಬಂದೂಕಿಗೆ ಹಾಕುವುದು ಮೇಲು.