ಒಂದು ಯಂತ್ರಕ್ಕೆ ಮೂರು ಹೆಸರು: ಡಿಎನ್ಎಸ್‌ಮಾಸ್ಕ್, ಅನ್‌ಬೌಂಡ್, ಬೈಂಡ್

ಫೈಲ್, ಬ್ಯಾಕಪ್ ಮತ್ತು ಫೋಟೊ ಸೇವೆಗಳು ಮೂರೂ 'ನಾಸ್' ಎಂಬ ಒಂದೇ ಯಂತ್ರದಲ್ಲಿದ್ದವು. ಪ್ರತಿ ಸೇವೆಗೂ ತನ್ನದೇ ಹೆಸರಿರಬೇಕು, ನಾಳೆ ಯಂತ್ರ ಬದಲಾದರೂ ಬಳಸುವವರಿಗೆ ಅದು ಗೊತ್ತಾಗಬಾರದು ಎಂಬ ಉದ್ದೇಶದಿಂದ ಮೂರು ಡಿಎನ್ಎಸ್ ಸರ್ವರ್‌ಗಳನ್ನು (ಹೆಸರು ಕೇಳಿದಾಗ ಯಂತ್ರದ ಅಂಕಿಯ ವಿಳಾಸ ಹೇಳುವ ತಂತ್ರಾಂಶಗಳನ್ನು) ಒಂದಾದ ಮೇಲೊಂದರಂತೆ ನಡೆಸಿ ನೋಡಿದೆ. ಹೆಸರುಗಳ ಕೊನೆಯ ಭಾಗವಾದ ಡೊಮೇನ್ ಮಾತ್ರ ಎಲ್ಲದರಲ್ಲೂ ಹೋಮ್.ಆರ್ಪಾ, 2018ರ ಆರ್‌ಎಫ್‌ಸಿ 8375 ಎಂಬ ಇಂಟರ್ನೆಟ್ ಮಾನದಂಡ ದಾಖಲೆ ಮನೆಯ ನೆಟ್‌ವರ್ಕ್‌ಗಳಿಗೆಂದೇ ಮೀಸಲಿಟ್ಟ ಹೆಸರದು.

ಡಿಎನ್ಎಸ್‌ಮಾಸ್ಕ್‌ನಲ್ಲಿ ಎರಡು ದಾರಿಗಳಿವೆ. ವಿಳಾಸ-ಹೆಸರುಗಳ ಪಟ್ಟಿಯಾದ ಹೋಸ್ಟ್ಸ್ ಫೈಲ್‌ನಲ್ಲಿ ನಾಸ್‌ನ ವಿಳಾಸ 192.168.1.20ರ ಮುಂದೆ ಮೂರೂ ಹೆಸರುಗಳನ್ನು ಬರೆದು ಒಂದು ಸಿಗ್‌ಹಪ್ (ಫೈಲನ್ನು ಮತ್ತೆ ಓದು ಎಂಬ ಸಂಕೇತ) ಕಳಿಸಿದರೆ ಸಾಕು, ಆದರೆ ವಿಳಾಸ ಬದಲಾದಾಗ ಆ ಸಾಲನ್ನು ನಾವೇ ತಿದ್ದಬೇಕು. ಒಂದು ಹೆಸರನ್ನು ಇನ್ನೊಂದಕ್ಕೆ ಅಡ್ಡಹೆಸರಾಗಿ ಕಟ್ಟುವ ಸಿನೇಮ್ ಆಯ್ಕೆಯಲ್ಲಿ ಆ ತೊಂದರೆಯಿಲ್ಲ; ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ನಾಸ್‌ಗೆ ಯಾವ ವಿಳಾಸ ಕೊಟ್ಟರೂ ಅಡ್ಡಹೆಸರುಗಳು ಅದರ ಹಿಂದೆಯೇ ಹೋಗುತ್ತವೆ. ಷರತ್ತೇನೆಂದರೆ, ಮೂಲ ಹೆಸರು ಹೋಸ್ಟ್ಸ್ ಫೈಲ್ ಅಥವಾ ಡಿಎಚ್‌ಸಿಪಿ ಮೂಲಕ ಡಿಎನ್ಎಸ್‌ಮಾಸ್ಕ್‌ಗೇ ತಿಳಿದಿರಬೇಕು. ಹೊರಗಿನ ಹೆಸರೊಂದಕ್ಕೆ ಅಡ್ಡಹೆಸರು ಕೊಡಲು ಹೋಗಿ ನಾನು ಅರ್ಧ ಸಂಜೆ ಕಳೆದುಕೊಂಡೆ. ಕಾನ್ಫಿಗ್ ಫೈಲ್ ತಿದ್ದಿದರೆ ಸಿಗ್‌ಹಪ್ ಸಾಲದು, ರೀಸ್ಟಾರ್ಟ್ ಮಾಡಲೇಬೇಕು.

ಅನ್‌ಬೌಂಡ್ ಮುಖ್ಯವಾಗಿ ರಿಸಾಲ್ವರ್, ಅಂದರೆ ಬೇರೆ ಸರ್ವರ್‌ಗಳನ್ನು ಕೇಳಿ ಉತ್ತರ ತರುವಂಥದ್ದು. ಅದರ ಸ್ಟ್ಯಾಟಿಕ್ ಲೋಕಲ್ ಝೋನ್‌ನಲ್ಲಿ (ನಾವೇ ಬರೆದಿಟ್ಟ ದಾಖಲೆಗಳಿಂದಷ್ಟೇ ಉತ್ತರಿಸುವ ಭಾಗದಲ್ಲಿ) ಸಿನೇಮ್ ಬರೆದಾಗ ಡಿಎನ್ಎಸ್ ಉತ್ತರ ನೋಡುವ ಡಿಗ್ ಆಜ್ಞೆ ಆ ದಾಖಲೆಯನ್ನು ತೋರಿಸಿತು, ಬ್ರೌಸರ್‌ನಲ್ಲಿ ಮಾತ್ರ ಪುಟ ತೆರೆಯಲಿಲ್ಲ. ಏಕೆಂದರೆ ಅನ್‌ಬೌಂಡ್ ಸಿನೇಮ್ ಬೆನ್ನುಹತ್ತಿ ವಿಳಾಸವನ್ನು ಜೋಡಿಸಿ ಕೊಡುವುದಿಲ್ಲ. ಪ್ರತಿ ಹೆಸರಿಗೂ ನೇರ ವಿಳಾಸ ಹೇಳುವ ಎ ದಾಖಲೆ ಬರೆದ ಮೇಲೆ ಕೆಲಸವಾಯಿತು, ಆದರೆ ಅದನ್ನು ಅಡ್ಡಹೆಸರೆನ್ನಲು ನನಗೆ ಮನಸ್ಸಿಲ್ಲ.

ಬೈಂಡ್ ಮೂರರಲ್ಲಿ ಅತ್ಯಂತ ಶಿಸ್ತಿನದು, ಹಾಗೆಯೇ ಕ್ಷಮೆಯಿಲ್ಲದ್ದು. ಡೊಮೇನಿನ ದಾಖಲೆಗಳಿರುವ ಝೋನ್ ಫೈಲ್‌ನಲ್ಲಿ ಪೂರ್ಣ ಹೆಸರಿನ ಕೊನೆಯ ಚುಕ್ಕಿಯನ್ನು ಬಿಟ್ಟಿದ್ದೆ; ಚುಕ್ಕಿಯಿಲ್ಲದಿದ್ದರೆ ಬೈಂಡ್ ಡೊಮೇನನ್ನು ಮತ್ತೊಮ್ಮೆ ಜೋಡಿಸುತ್ತದೆ. 'ಫೋಟೊ' ಎಂಬ ಹೆಸರು ನಾಸ್.ಹೋಮ್.ಆರ್ಪಾ.ಹೋಮ್.ಆರ್ಪಾ ಎಂಬ ಇಲ್ಲದ ಯಂತ್ರವನ್ನು ಹುಡುಕಿಕೊಂಡು ಹೋಯಿತು. ವ್ಯಾಕರಣದ ಪ್ರಕಾರ ಅದು ತಪ್ಪಲ್ಲದ ಕಾರಣ ಝೋನ್ ಪರೀಕ್ಷಕ ಚಕಾರವೆತ್ತಲಿಲ್ಲ. ಚುಕ್ಕಿ ಇಟ್ಟ ಮೇಲೂ ಲ್ಯಾಪ್‌ಟಾಪ್ ಕ್ಯಾಶ್‌ನಲ್ಲಿದ್ದ ಹಳೆಯ ಉತ್ತರವನ್ನೇ ಹಿಡಿದು ಕೂತಿತ್ತು, ಆದ್ದರಿಂದ ಪ್ರಯೋಗದ ದಿನಗಳಲ್ಲಿ ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಅವಧಿಯಾದ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಕೊಂಡೆ. ಸಿನೇಮ್ ಇರುವ ಹೆಸರಿಗೆ ಟಿಎಕ್ಸ್‌ಟಿಯಂತಹ (ಪಠ್ಯ ಹೊತ್ತ) ಬೇರೆ ದಾಖಲೆ ಸೇರಿಸಿದರೆ ಮಾತ್ರ ಬೈಂಡ್ ಇಡೀ ಝೋನನ್ನೇ ತಿರಸ್ಕರಿಸುತ್ತದೆ. ಎರಡನೆಯ ಸರ್ವರ್ ಇದ್ದರೆ, ಬದಲಾವಣೆ ಅದಕ್ಕೆ ತಿಳಿಯಲು ಪ್ರತಿ ತಿದ್ದುಪಡಿಗೂ ಸೀರಿಯಲ್ ಸಂಖ್ಯೆ ಏರಿಸುವುದನ್ನು ಮರೆಯುವಂತಿಲ್ಲ, ಆದರೆ ಅಂಥ ಜಾಲಕ್ಕೆ ನಾನೂ ಬೈಂಡನ್ನೇ ಆರಿಸುತ್ತೇನೆ.

ನನ್ನದು ಒಂದೇ ಸರ್ವರ್‌ನ ಜಾಲವಾದ್ದರಿಂದ ಡಿಎನ್ಎಸ್‌ಮಾಸ್ಕ್ ಉಳಿಯಿತು. ಮುಂದೆ ಫೋಟೊ ಸೇವೆಯನ್ನು ಬೇರೆ ಯಂತ್ರಕ್ಕೆ ಸಾಗಿಸಿದಾಗ ಸಿನೇಮ್ ಸಾಲಿನ ಕೊನೆಯ ಪದವೊಂದನ್ನು ತಿದ್ದಿ ರೀಸ್ಟಾರ್ಟ್ ಮಾಡಿದೆ. ಬಳಸುವವರು ಯಾರೂ ಏನನ್ನೂ ಕೇಳಲಿಲ್ಲ.