ಜೆಟ್‌ಬ್ರೇನ್ಸ್ ರೈಡರ್: ಭತ್ತದ ಕಾಟಾಗೆ ಪ್ರೋಗ್ರಾಂ ಬರೆದವನ ಲೈಸೆನ್ಸ್ ಲೆಕ್ಕ

ಮೊದಲು ತೀರ್ಪು ಹೇಳಿಬಿಡುತ್ತೇನೆ. ರೈಡರ್ ಅಂದರೆ ಕೋಡ್ ಬರೆಯಲು, ಓಡಿಸಿ ನೋಡಲು ಇರುವ ಸಾಧನ. ಸಿ ಶಾರ್ಪ್ ಭಾಷೆಯಲ್ಲಿ ಹವ್ಯಾಸಕ್ಕೆ ಪ್ರೋಗ್ರಾಂ ಬರೆಯುವವರಿಗೆ ಅದು ಒಳ್ಳೆಯ ಸಾಫ್ಟ್‌ವೇರ್. ಅವರಿಗೆ ಅದು ಪುಕ್ಕಟೆ. ಆದರೆ ನೀವು ಬರೆದದ್ದಕ್ಕೆ ಯಾರಾದರೂ ದುಡ್ಡು ಕೊಡಲು ಬಂದರೆ ಅವತ್ತಿನಿಂದ ಪುಕ್ಕಟೆ ಅಲ್ಲ. ಒಂದು ರೈಸ್ ಮಿಲ್ಲಿನ ಕಾಟಾಗೆ, ಅಂದರೆ ಲಾರಿ ತೂಗುವ ತಕ್ಕಡಿಗೆ, ಪ್ರೋಗ್ರಾಂ ಬರೆಯಲು ನಾನು ಒಂದು ವರ್ಷದ ಚಂದಾ ಕಟ್ಟಿದೆ. ಕಟ್ಟಿದ್ದಕ್ಕೆ ಬೇಜಾರಿಲ್ಲ. ಹಾಗಂತ ಎಲ್ಲರೂ ಕಟ್ಟಬೇಕು ಅಂತೇನೂ ಇಲ್ಲ. ಎಷ್ಟೋ ಜನರಿಗೆ ಬೇರೆ ದಾರಿ ಇದೆ, ನನಗೆ ಯಾಕೆ ಇರಲಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ನಾನು ಗಂಗಾವತಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ಟ್ಯಾಲಿ ಮುಂದೆ ಕೂರುತ್ತೇನೆ. ರಾತ್ರಿ ಊಟ ಆದ ಮೇಲೆ ಪ್ರೋಗ್ರಾಂ. ಕಾಲೇಜಿನಲ್ಲಿ ಟರ್ಬೊ ಸಿ ನೀಲಿ ಪರದೆ ಮುಂದೆ ಹತ್ತಿದ ಚಟ ಇದು, ಬಿಟ್ಟಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆಗ ಊರಿಗೆ ಊರೇ ಒಬ್ಬರನ್ನೊಬ್ಬರು ನೀರಿನ ಮಟ್ಟ ಕೇಳುತ್ತಿತ್ತು. ಎಡದಂಡೆ ಕಾಲುವೆ ನಂಬಿದ ಊರು, ಕೇಳದೆ ಇರುತ್ತದೆಯೇ? ನಾನು ದಿನದ ಮಟ್ಟ, ಒಳಹರಿವು, ಹೊರಹರಿವು ಬರೆದಿಟ್ಟು, 1633 ಅಡಿಗೆ ಇನ್ನೂ ಎಷ್ಟು ಬೇಕು ಅಂತ ಗೆರೆ ಎಳೆದು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಂಡೆ. ಅದರಿಂದ ಒಂದು ರೂಪಾಯಿ ಹುಟ್ಟುವುದಿಲ್ಲ. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸುತ್ತೇನೆ, ಅಷ್ಟೇ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜೆಟ್‌ಬ್ರೇನ್ಸ್ ಕಂಪನಿ ರೈಡರ್ ಮತ್ತು ವೆಬ್ ಕೋಡಿಗೆ ಇರುವ ವೆಬ್‌ಸ್ಟಾರ್ಮ್ ಎರಡನ್ನೂ ವಾಣಿಜ್ಯೇತರ ಬಳಕೆಗೆ ಉಚಿತ ಮಾಡಿತು. ಕಲಿಯುವವರು, ಹವ್ಯಾಸಿಗಳು, ಸಂಬಳವಿಲ್ಲದೆ ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಡುವ) ಕೆಲಸ ಮಾಡುವವರು, ಪಾಠದ ವಿಡಿಯೋ ಮಾಡುವವರು, ಎಲ್ಲರೂ ಬಳಸಬಹುದು. ಅದಕ್ಕೂ ಮುಂಚೆ 30 ದಿನ ಟ್ರಯಲ್, ಆಮೇಲೆ ದುಡ್ಡು. ಆ ದುಡ್ಡು ನನ್ನಂಥವನಿಗೆ ಜಾಸ್ತಿ. ಉಚಿತ ಅಂದ ಮೇಲೆ ಇಳಿಸಿಕೊಂಡೆ. ಲೈಸೆನ್ಸ್ ಒಂದು ವರ್ಷದ್ದು. ಕೊನೆಯ ಆರು ತಿಂಗಳಲ್ಲಿ ಬಳಸಿದ್ದರೆ ತಾನೇ ಮುಂದುವರಿಯುತ್ತದೆ. ಒಂದು ಷರತ್ತು ಗಮನಿಸಿ: ನೀವು ಸಾಫ್ಟ್‌ವೇರ್ ಹೇಗೆ ಬಳಸುತ್ತೀರಿ ಅನ್ನುವ ಹೆಸರಿಲ್ಲದ ಮಾಹಿತಿ ಕಂಪನಿಗೆ ಹೋಗುತ್ತದೆ. ಉಚಿತ ಲೈಸೆನ್ಸ್‌ನಲ್ಲಿ ಅದನ್ನು ನಿಲ್ಲಿಸಲು ಬರುವುದಿಲ್ಲ. ಡ್ಯಾಮಿನ ಲೆಕ್ಕ ಬರೆಯುವವನ ಬಗ್ಗೆ ಏನು ತಿಳಿದುಕೊಳ್ಳುತ್ತಾರೋ ತಿಳಿದುಕೊಳ್ಳಲಿ ಬಿಡಿ.

ಬಳಸಲು ಹೇಗಿದೆ? ಚೆನ್ನಾಗಿದೆ. ಒಂದು ಹೆಸರು ಬದಲಿಸಿದರೆ ಅದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಬದಲಾಗುತ್ತದೆ. ಸಿ ಶಾರ್ಪ್ ಓಡುವುದು ಮೈಕ್ರೋಸಾಫ್ಟ್‌ನ ಡಾಟ್ ನೆಟ್ ಮೇಲೆ; ಅದರಲ್ಲಿ ಬೇರೆಯವರು ಮಾಡಿದ ಡಿಎಲ್‌ಎಲ್, ಅಂದರೆ ತಯಾರಾದ ಕೋಡಿನ ಫೈಲ್, ಒಳಗೆ ಏನಿದೆ ಅಂತ ಬಿಚ್ಚಿ ತೋರಿಸುತ್ತದೆ. ಇದು ನನಗೆ ಆಮೇಲೆ ಬಹಳ ಕೆಲಸಕ್ಕೆ ಬಂತು. ವಿಂಡೋಸ್‌ನಲ್ಲಿ ಪ್ರೋಗ್ರಾಂನ ಪರದೆ ಜೋಡಿಸುವ ವಿನ್‌ಫಾರ್ಮ್ಸ್ ಡಿಸೈನರ್ ಕೂಡ ಇದೆ, ಬಟನ್ ಎಳೆದು ಇಡಬಹುದು. ಮೆಮೊರಿ ಮಾತ್ರ ಚೆನ್ನಾಗಿ ಬೇಡುತ್ತದೆ. 8 ಜಿಬಿಯ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ರೈಡರ್ ತೆಗೆದರೆ ಬ್ರೌಸರ್ ಮುಚ್ಚಬೇಕು. 4 ಜಿಬಿ ಇರುವವರು ಆಸೆ ಬಿಡುವುದು ಒಳ್ಳೆಯದು. ಕನ್ನಡ ಅಕ್ಷರ ಸರಿಯಾಗಿ ಕಾಣುತ್ತವೆ. ಆದರೆ ಕೋಡಿನ ನಡುವೆ ಕನ್ನಡ ಟೈಪ್ ಮಾಡುವಾಗ ಒತ್ತಕ್ಷರದ ಹತ್ತಿರ ಕರ್ಸರ್ ಎಲ್ಲಿ ನಿಂತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಇದು ಯಾವ ಕೋಡ್ ಎಡಿಟರ್‌ನಲ್ಲಿಯೂ ನನಗೆ ಸರಿ ಅನ್ನಿಸಿಲ್ಲ. ಹಾಗಾಗಿ ಕನ್ನಡ ಪದಗಳನ್ನೆಲ್ಲ ಬೇರೆ ರಿಸೋರ್ಸ್ ಫೈಲಿನಲ್ಲಿ ಇಡುತ್ತೇನೆ. ಕೋಡಿನಲ್ಲಿ ಬರೀ ಹೆಸರು ಇರುತ್ತದೆ.

ಇಷ್ಟರಲ್ಲಿ ಕಾಟಾದ ಮಾತು ಬಂತು. ಗಂಗಾವತಿ, ಕಾರಟಗಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಸುಗ್ಗಿ ಬಂದರೆ ಭತ್ತದ ಟ್ರ್ಯಾಕ್ಟರ್, ಲಾರಿ ಸಾಲು ರಾತ್ರಿಯಿಡೀ ರೈಸ್ ಮಿಲ್ಲಿನ ಕಾಟಾ ಮುಂದೆ ನಿಂತಿರುತ್ತದೆ. ತೂಕ ತೋರಿಸುವ ಇಂಡಿಕೇಟರ್‌ನಿಂದ ಒಂದು ಸೀರಿಯಲ್ ಕೇಬಲ್ ಕಂಪ್ಯೂಟರ್‌ಗೆ ಬರುತ್ತದೆ. ಪ್ರೋಗ್ರಾಂ ಅದನ್ನು ಓದಿ, ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು ಚೀಟಿ ಮುದ್ರಿಸುತ್ತದೆ. ಪರಿಚಯದ ಮಿಲ್ಲಿನಲ್ಲಿ ಹಳೆಯ ಪ್ರೋಗ್ರಾಂ ಒಂದು ಇತ್ತು, ವಿಷುವಲ್ ಬೇಸಿಕ್ 6ರಲ್ಲಿ ಬರೆದದ್ದು. ವಿಂಡೋಸ್ 7 ಕಂಪ್ಯೂಟರ್. ಅದರ ಹಿಂಬದಿಗೆ ಬೀಗದ ಕೀಲಿಯಂಥ ಒಂದು ಡಾಂಗಲ್ ಚುಚ್ಚಿದ್ದರು, ಅದಿಲ್ಲದೆ ಪ್ರೋಗ್ರಾಂ ತೆರೆಯುವುದಿಲ್ಲ. ಡಾಂಗಲ್ ಸುಟ್ಟಿತು. ಮಾಡಿಕೊಟ್ಟವನು ಊರು ಬಿಟ್ಟಿದ್ದ. ಸುಗ್ಗಿಯ ನಡುವೆ ಚೀಟಿಗಳನ್ನು ಕೈಯಲ್ಲಿ ಬರೆದರು.

ಮಿಲ್ಲಿನ ಸಾಹುಕಾರ್ರು ನನ್ನನ್ನು ಕರೆಸಿದರು. ಬೇರೆ ಪ್ರೋಗ್ರಾಂ ಬೇಕು, ದುಡ್ಡು ಕೊಡುತ್ತೇನೆ ಅಂದರು. ಅವರ ಷರತ್ತು ಒಂದೇ: "ಹಿಂದಿನಂವ ಮಾಡಿದ್ದು ನೋಡಿದಿಲ್ಲೋ ತಮ್ಮಾ, ಫೋನೂ ಎತ್ತಂಗಿಲ್ಲ. ಕೋಡ್ ನನಗ ಕೊಡಬೇಕು. ನಾಳಿಗಿ ನೀ ಇರ್ತಿ, ಇರಂಗಿಲ್ಲ, ಯಾರಿಗ್ ಗೊತ್ತು?"

ಮಾತು ಒರಟು, ಆದರೆ ನ್ಯಾಯ. ಪ್ರೋಗ್ರಾಂ ಅವರದ್ದು, ನಾನು ಅವರಿಗಾಗಿ ಬರೆಯುವವನು. ಈ ಒಂದು ಷರತ್ತೇ ನನ್ನ ಲೈಸೆನ್ಸ್ ಲೆಕ್ಕವನ್ನೆಲ್ಲ ಬದಲಿಸಿತು. ರೈಡರ್‌ನ ಉಚಿತ ಲೈಸೆನ್ಸ್ ಅಂತೂ ನಡೆಯುವುದಿಲ್ಲ, ದುಡ್ಡು ಬಂತಲ್ಲ. ಎಲ್ಲರೂ ಮುಂದಿಡುವ ಉತ್ತರ ರೈಡರ್‌ನಂಥದ್ದೇ ಆದ ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೋ ಕಮ್ಯುನಿಟಿ. 2014ರಿಂದ ಇದೆ, ಉಚಿತ. ಒಬ್ಬ ವ್ಯಕ್ತಿ ತನ್ನದೇ ಪ್ರೋಗ್ರಾಂ ಬರೆದು ಮಾರಿದರೂ ಅಡ್ಡಿಯಿಲ್ಲ. ನೂರಕ್ಕೆ ತೊಂಬತ್ತು ಹವ್ಯಾಸಿಗಳು ಇಲ್ಲಿಗೇ ನಿಲ್ಲಬಹುದು, ಮುಂದೆ ಓದದಿದ್ದರೂ ಪರವಾಗಿಲ್ಲ.

ಆದರೆ ಅದರ ಷರತ್ತಿನಲ್ಲಿ ಇನ್ನೊಂದು ಭಾಗ ಇದೆ. ಸಂಸ್ಥೆಗೆ 250ಕ್ಕಿಂತ ಹೆಚ್ಚು ಕಂಪ್ಯೂಟರ್ ಇದ್ದರೆ, ಅಥವಾ ವರ್ಷದ ಆದಾಯ 10 ಲಕ್ಷ ಡಾಲರ್ ದಾಟಿದರೆ ಅದು ದೊಡ್ಡ ಸಂಸ್ಥೆ. ಅಂಥ ಸಂಸ್ಥೆಯ ನೌಕರರಾಗಲಿ, ಗುತ್ತಿಗೆಗೆ ಬಂದವರಾಗಲಿ ಅದರ ಪ್ರೋಗ್ರಾಂ ಬರೆಯಲು ಕಮ್ಯುನಿಟಿ ಬಳಸುವಂತಿಲ್ಲ. ಪಾಠಕ್ಕೆ, ಓಪನ್ ಸೋರ್ಸ್‌ಗೆ ವಿನಾಯಿತಿ ಇದೆ. 10 ಲಕ್ಷ ಡಾಲರ್ ಅಂದರೆ ಎಂಟು ಕೋಟಿ ರೂಪಾಯಿಗೂ ಮೇಲೆ. ಕೇಳಲು ದೊಡ್ಡ ಮೊತ್ತ. ಆದರೆ ಇಲ್ಲಿ ಆದಾಯ ಅಂದರೆ ಲಾಭ ಅಲ್ಲ, ವಹಿವಾಟು. ಭತ್ತ ಕೊಂಡು ಅಕ್ಕಿ ಮಾರುವ ಮಿಲ್ಲಿಗೆ ಎಂಟು ಕೋಟಿ ವಹಿವಾಟು ಏನೇನೂ ಅಲ್ಲ. ಕಾಟಾದಲ್ಲಿ ಒಂದೇ ಕಂಪ್ಯೂಟರ್ ಇರುವ, ಅದೂ ವಿಂಡೋಸ್ 7 ಇರುವ ನಮ್ಮ ಸಾಹುಕಾರ್ರ ಮಿಲ್ಲು ಮೈಕ್ರೋಸಾಫ್ಟ್ ಲೆಕ್ಕದಲ್ಲಿ ದೊಡ್ಡ ಸಂಸ್ಥೆ! ಪ್ರೋಗ್ರಾಂ ನನ್ನದೇ ಆಗಿದ್ದು ಅವರಿಗೆ ಮಾರಿದ್ದರೆ ಸರಿ ಇತ್ತು. ಕೋಡೂ ಅವರದ್ದೇ ಆಗಬೇಕು ಅಂದಿದ್ದರಿಂದ ನಾನು ಗುತ್ತಿಗೆಯವನಾದೆ.

ಯಾರು ಬಂದು ನೋಡುತ್ತಾರೆ ಅಂತ ನೀವು ಕೇಳಬಹುದು. ಯಾರೂ ನೋಡುವುದಿಲ್ಲ. ಕೆಲವು ನೂರು ರೂಪಾಯಿಗೆ ಏನು ಬೇಕಾದರೂ ಕ್ರ್ಯಾಕ್ ಮಾಡಿ ಹಾಕಿಕೊಡುವವರು ಎಲ್ಲಾ ಊರಲ್ಲೂ ಇದ್ದಾರೆ. ಆದರೆ ರೈತರ ದುಡ್ಡು ನಿಂತಿರುವುದು ಆ ಚೀಟಿಯ ಮೇಲೆ. ಅದನ್ನು ಮುದ್ರಿಸುವ ಪ್ರೋಗ್ರಾಂ ಅನ್ನು, ಕ್ರ್ಯಾಕ್ ಜೊತೆ ಏನು ಬಂದಿದೆಯೋ ಗೊತ್ತಿಲ್ಲದ ಲ್ಯಾಪ್‌ಟಾಪ್‌ನಲ್ಲಿ ತಯಾರಿಸಲು ನನಗೆ ಮನಸ್ಸಿಲ್ಲ. ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಕದ್ದ ಪ್ರತಿ ಅಂತ ತಿಳಿದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲದಿದ್ದರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಹವ್ಯಾಸ ಯಾವುದು, ವ್ಯಾಪಾರ ಯಾವುದು ಅನ್ನುವ ಗೆರೆ ಅಲ್ಲೂ ಇದೆ ನೋಡಿ.

ಬೇರೆ ದಾರಿಗಳನ್ನೂ ನೋಡಿದೆ. ಪಾಸ್ಕಲ್ ಭಾಷೆಯಲ್ಲಿ ಬರೆಯುವ ಡೆಲ್ಫಿಗೆ ಕಮ್ಯುನಿಟಿ ಆವೃತ್ತಿ ಇದೆ, ಆದರೆ ಅದರ ಆದಾಯದ ಮಿತಿ ವರ್ಷಕ್ಕೆ 5000 ಡಾಲರ್. ಮಿಲ್ಲಿನ ಹೆಸರು ಎತ್ತಿದರೆ ಅಲ್ಲಿಗೇ ಮುಗಿಯಿತು. ದುಡ್ಡಿನ ಆವೃತ್ತಿ ಸಾವಿರ ಡಾಲರ್‌ಗೂ ಮೇಲೆ, ಮಾತೇ ಬೇಡ. ಅದರ ತಮ್ಮನಂತಿರುವ ಲಾಜರಸ್ ಪೂರ್ತಿ ಉಚಿತ. ಅದರಲ್ಲಿ ಬರೆದದ್ದನ್ನು ಮಾರಬಹುದು, ಕೊಡಬಹುದು, ಯಾರ ವಹಿವಾಟು ಎಷ್ಟು ಅಂತ ಕೇಳುವುದಿಲ್ಲ. ಹಳೆಯ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತದೆ. ಪಾಸ್ಕಲ್ ಬರುವವರು ಯೋಚನೆಯೇ ಮಾಡಬೇಡಿ, ಲಾಜರಸ್ ಹಾಕಿಕೊಳ್ಳಿ. ನನಗೆ ಬರುವುದಿಲ್ಲ, ಸುಗ್ಗಿ ಕಾಯುವುದಿಲ್ಲ. ಮೈಕ್ರೋಸಾಫ್ಟ್‌ನದ್ದೇ ಎಡಿಟರ್ ವಿಎಸ್ ಕೋಡ್ ಉಚಿತ, ಆದರೆ ಅದರಲ್ಲಿ ವಿನ್‌ಫಾರ್ಮ್ಸ್ ಡಿಸೈನರ್ ಇಲ್ಲ. ಜೊತೆಗೆ ಸಿ ಶಾರ್ಪ್ ಬರೆಯಲು ಅದಕ್ಕೆ ಸೇರಿಸಿಕೊಳ್ಳುವ ಸಿ ಶಾರ್ಪ್ ಡೆವ್ ಕಿಟ್‌ಗೂ ವಿಷುವಲ್ ಸ್ಟುಡಿಯೋ ಕಮ್ಯುನಿಟಿಯ ಷರತ್ತೇ ಅನ್ವಯ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಉಳಿದದ್ದು ರೈಡರ್‌ನ ದುಡ್ಡಿನ ಲೈಸೆನ್ಸ್. ಅದರಲ್ಲಿ ವ್ಯಕ್ತಿಗೆ ಒಂದು ದರ, ಸಂಸ್ಥೆಗೆ ಇನ್ನೊಂದು ದರ. ವೈಯಕ್ತಿಕ ಲೈಸೆನ್ಸ್ ಕಡಿಮೆ, ಅದರಲ್ಲಿ ದುಡ್ಡಿನ ಕೆಲಸವನ್ನೂ ಮಾಡಬಹುದು. ಒಂದೇ ಷರತ್ತು: ದುಡ್ಡು ನಿಮ್ಮ ಜೇಬಿನದ್ದೇ ಆಗಿರಬೇಕು. ಸಂಸ್ಥೆ ಕೊಂಡುಕೊಡುವಂತಿಲ್ಲ, ಬಿಲ್ ತೋರಿಸಿ ಸಂಸ್ಥೆಯಿಂದ ವಸೂಲಿ ಮಾಡುವಂತೆಯೂ ಇಲ್ಲ. ಸಾಹುಕಾರ್ರು "ಆ ಸಾಫ್ಟ್‌ವೇರ್ ರೊಕ್ಕಾನೂ ನಾನೇ ಹಾಕ್ತೀನಿ" ಅಂದಿದ್ದರು, ಬೇಡ ಅಂದೆ. ನನ್ನ ಕೆಲಸಕ್ಕೆ ಇಷ್ಟು ಅಂತ ಮಾತಾಡಿಕೊಂಡೆವು. ಆ ಕೂಲಿಯಲ್ಲಿ ನಾನು ಏನು ಕೊಂಡರೂ ಅದು ನನ್ನ ದುಡ್ಡು.

ವರ್ಷಕ್ಕೆ ನೂರು ಡಾಲರ್‌ಗೂ ಮೇಲೆ. ಶೇ. 18 ಜಿಎಸ್‌ಟಿ, ಕಾರ್ಡಿನ ವಿದೇಶಿ ಶುಲ್ಕ ಸೇರಿದರೆ ರೂಪಾಯಿ ಲೆಕ್ಕದಲ್ಲಿ ಐದಂಕಿ. ಹೆಂಡತಿಗೆ ಹೇಳಿದೆ. "ಅಷ್ಟು ರೊಕ್ಕ ಕೊಟ್ಟರ ಕೈಗೆ ಏನ್ ಬರ್ತೈತಿ?" ಅಂದಳು. ಒಂದು ಇಮೇಲ್ ಬರುತ್ತದೆ ಅಂದೆ. ಆಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ.

ಕಟ್ಟುವುದೂ ಸುಲಭ ಇರಲಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ವಹಿವಾಟು ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆದುಕೊಳ್ಳಬೇಕು, ಮಿತಿಯನ್ನೂ ಹಾಕಬೇಕು. ನನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಆ ಗುಂಡಿ ಎಲ್ಲಿದೆ ಅಂತ ಶಾಖೆಯವರಿಗೂ ಗೊತ್ತಿರಲಿಲ್ಲ. ಕೆಲಸ ಆದ ತಕ್ಷಣ ಮತ್ತೆ ಮುಚ್ಚಿದೆ. ತಾನೇ ನವೀಕರಣ ಆಗುವ ಗುರುತನ್ನೂ ಅವತ್ತೇ ತೆಗೆದುಹಾಕಿದೆ. ನೀವೂ ಹಾಗೇ ಮಾಡಿ.

ನಾನು ಕಟ್ಟಲು ಮುಖ್ಯ ಕಾರಣ ಇನ್ನೊಂದಿದೆ. ಅದನ್ನು ಅವರು ಫಾಲ್‌ಬ್ಯಾಕ್ ಲೈಸೆನ್ಸ್ ಅನ್ನುತ್ತಾರೆ. ಒಂದು ವರ್ಷ ಚಂದಾ ಕಟ್ಟಿದರೆ, ಆ ವರ್ಷ ಶುರುವಾದಾಗ ಯಾವ ಆವೃತ್ತಿ ಇತ್ತೋ ಅದು ಶಾಶ್ವತವಾಗಿ ನಮ್ಮದು. ಚಂದಾ ನಿಲ್ಲಿಸಿದರೂ ಅದು ಓಡುತ್ತದೆ. ವರ್ಷದ ನಡುವೆ ಬಂದ ಹೊಸ ಆವೃತ್ತಿಗಳು ಮಾತ್ರ ಕೈಬಿಡುತ್ತವೆ. ವರ್ಷಕ್ಕೆ ಮೂರು ದೊಡ್ಡ ಆವೃತ್ತಿ ಬರುತ್ತವೆ. ಹಾಗಾಗಿ ಕಟ್ಟುವುದಾದರೆ ಹೊಸದು ಬಂದ ಮೇಲೆ ಕಟ್ಟಿ, ಬರುವ ಮುಂಚಿನ ವಾರದಲ್ಲಲ್ಲ. ಒಂದೇ ಸಲ ಕೊಂಡು ಇಟ್ಟುಕೊಳ್ಳುವ ಅಭ್ಯಾಸದವರಿಗೆ ಚಂದಾ ಪದ್ಧತಿಯಲ್ಲಿ ಇದೊಂದೇ ಸಮಾಧಾನ. ಸಬ್ಲೈಮ್ ಟೆಕ್ಸ್ಟ್ ಕೂಡ ಈ ರೀತಿಯದ್ದೇ: 99 ಡಾಲರ್, ಮೂರು ವರ್ಷ ಹೊಸ ಆವೃತ್ತಿ, ಆಮೇಲೆ ಇದ್ದದ್ದು ಇರುತ್ತದೆ. ಬರೀ ಎಡಿಟರ್ ಸಾಕು ಅನ್ನುವವರು ಅದನ್ನು ನೋಡಬಹುದು, ಟ್ರಯಲ್‌ಗೆ ದಿನದ ಮಿತಿ ಇಲ್ಲ.

ಕಾಟಾ ಪ್ರೋಗ್ರಾಂ ಈಗ ನಡೆಯುತ್ತಿದೆ. ಇಂಡಿಕೇಟರ್ ಕಳಿಸುವ ಅಕ್ಷರಗಳ ಸಾಲು ಅರ್ಥ ಮಾಡಿಕೊಳ್ಳಲು ಹಳೆಯ ಡಾಟ್ ನೆಟ್ ಡಿಎಲ್‌ಎಲ್ ಒಂದನ್ನು ರೈಡರ್‌ನಲ್ಲಿ ಬಿಚ್ಚಿ ನೋಡಿದ್ದು ನನ್ನ ರಾತ್ರಿಗಳನ್ನು ಉಳಿಸಿತು. ಚೀಟಿಯಲ್ಲಿ ಕ್ವಿಂಟಲ್ ಜೊತೆಗೆ 75 ಕಿಲೋ ಚೀಲದ ಲೆಕ್ಕವೂ ಬರುತ್ತದೆ. ನಮ್ಮ ಕಡೆ ಭತ್ತದ ದರ ಮಾತಾಡುವುದು ಆ ಚೀಲದಲ್ಲೇ ಅಲ್ವಾ. ಡಾಂಗಲ್ ಇಲ್ಲ. ಕೋಡ್ ಒಂದು ಪೆನ್‌ಡ್ರೈವ್‌ನಲ್ಲಿ ಸಾಹುಕಾರ್ರ ತಿಜೋರಿಯಲ್ಲಿದೆ.

ಈಗ ನವೀಕರಣದ ಮೇಲ್ ಬಂದಿದೆ. ಎರಡನೇ ವರ್ಷಕ್ಕೆ ಶೇ. 20 ಕಡಿಮೆ, ಮೂರನೇ ವರ್ಷದಿಂದ ಶೇ. 40. ಆಸೆ ಆಗುತ್ತದೆ, ಆದರೆ ಕಟ್ಟುವುದಿಲ್ಲ. ಕಾಟಾ ಕಂಪ್ಯೂಟರ್ ವಿಂಡೋಸ್ 7ರದ್ದಾದ್ದರಿಂದ ಪ್ರೋಗ್ರಾಂ ಬರೆದದ್ದು ಡಾಟ್ ನೆಟ್ ಫ್ರೇಮ್‌ವರ್ಕ್ 4.8ರಲ್ಲಿ, 2019ರದ್ದು. ಅದಕ್ಕೆ ಹೊಸತೇನೂ ಬರುವುದಿಲ್ಲ. ಹಾಗಿದ್ದ ಮೇಲೆ ನನ್ನ ಹಳೆಯ ರೈಡರ್ ಸಾಕು. ಸಾಹುಕಾರ್ರು ಹೊಸ ಕಂಪ್ಯೂಟರ್ ತಂದ ದಿನ ಮತ್ತೆ ಲೆಕ್ಕ ಹಾಕುತ್ತೇನೆ. ಅವರ ಕೈ ನೋಡಿದರೆ ಅದಕ್ಕೆ ಇನ್ನೂ ಬಹಳ ಸುಗ್ಗಿ ಬೇಕು.