ಐದೂವರೆಯ ಬ್ಯಾಚಿನಲ್ಲಿ ನಾಲ್ಕು ವರ್ಷ

ಮೈಸೂರಿನ ಕುವೆಂಪುನಗರದಲ್ಲಿ ಮನೆಗೆ ಹತ್ತಿರವಿರುವ ಯೋಗ ತರಗತಿಯೊಂದಕ್ಕೆ ನಾನು ನಾಲ್ಕು ವರ್ಷಗಳಿಂದ ಹೋಗುತ್ತಿದ್ದೇನೆ. ಬೆಳಿಗ್ಗೆ ಐದೂವರೆಯ ಬ್ಯಾಚು, ವಾರಕ್ಕೆ ಆರು ದಿನ, ಹುಣ್ಣಿಮೆ ಮತ್ತು ಅಮಾವಾಸ್ಯೆಗೆ ರಜೆ, ತಿಂಗಳಿಗೆ 1,500 ರೂಪಾಯಿ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಆಸನಗಳನ್ನು ಕಲಿಸಿದ ಊರಿದು. ಇಲ್ಲಿ ಯೋಗವೆಂದರೆ ಆಸನವೆಂದೇ ಜನ ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ತರಗತಿಯಲ್ಲಿಯೂ ಯೋಗಸೂತ್ರಗಳನ್ನು ಬರೆದ ಪತಂಜಲಿಯ ಪ್ರಾರ್ಥನೆ ಮುಗಿದೊಡನೆ ಸೂರ್ಯನಮಸ್ಕಾರ ಆರಂಭವಾಗುತ್ತದೆ. ಆತ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಆಸನಕ್ಕಿಂತ ಮೊದಲು ಬರುವ ಯಮ (ಅಹಿಂಸೆ, ಸತ್ಯದಂಥ ಸಂಯಮಗಳು), ನಿಯಮ (ತನಗೆ ತಾನೇ ಹಾಕಿಕೊಳ್ಳುವ ಶಿಸ್ತುಗಳು) ಇವುಗಳ ಮಾತೇ ಇಲ್ಲ.

ಅವುಗಳ ಕಡೆಗೆ ನನ್ನ ಗಮನ ಹೋದದ್ದು ಪೆಟ್ಟು ತಿಂದ ಮೇಲೆ. ಎರಡನೆಯ ವರ್ಷ, ಒಂದು ದಿನ, ಕಾಲು ಚಾಚಿ ಕುಳಿತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ, ನನಗಿಂತ ಹತ್ತು ವರ್ಷ ಹಿರಿಯರಾದ ಪಕ್ಕದವರು ಸರಾಗವಾಗಿ ಪಾದ ಹಿಡಿದದ್ದನ್ನು ನೋಡಿ ನಾನೂ ಹಟದಿಂದ ಬಗ್ಗಿದೆ. ಸಹಾಯಕರು ಹಿಂದಿನಿಂದ ಬೆನ್ನು ಒತ್ತುತ್ತಾ, "ನೋವಾಗ್ತಿದ್ಯಾ ಸಾರ್?" ಎಂದು ಕೇಳಿದರು. "ಇಲ್ಲ, ಒತ್ತಿ" ಎಂದೆ. ತೊಡೆಯ ಹಿಂಭಾಗದ ಸ್ನಾಯು ಚಳಕ್ಕೆಂದಿತು. ಆರು ವಾರ ಮನೆಯಲ್ಲಿ ಕುಳಿತೆ. ಅವರು ಅಷ್ಟು ಒತ್ತಬಾರದಿತ್ತು, ನಿಜ. ಆದರೆ ಅಹಿಂಸೆ, ಸತ್ಯ ಎರಡನ್ನೂ ಒಂದೇ ಉಸಿರಿನಲ್ಲಿ ಮುರಿದವನು ನಾನು. ಉಳಿದ ಯಮನಿಯಮಗಳಿಗೆಲ್ಲ ಅಹಿಂಸೆಯೇ ಮೂಲವೆನ್ನುವ, ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದ ಮಾತನ್ನು ಆ ಆರು ವಾರಗಳಲ್ಲಿ ಓದಿದೆ.

ಪ್ರಯತ್ನವನ್ನು ಸಡಿಲಿಸುವುದರಿಂದ ಆಸನ ಸಿದ್ಧಿಸುತ್ತದೆಂದು ಯೋಗಸೂತ್ರದ ಎರಡನೆಯ ಪಾದದ 47ನೆಯ ಸೂತ್ರ ಹೇಳುತ್ತದೆ. ಅದನ್ನು ನಾನು ಮಾಡುವ ಬಗೆ ಬಹಳ ಸರಳವಾದದ್ದು: ಮಂಡಿಯ ಕೆಳಗೆ ಮಡಿಸಿದ ಹಳೆಯ ಪಂಚೆಯನ್ನು ಇಟ್ಟುಕೊಂಡು ಬಗ್ಗುತ್ತೇನೆ, ಬಿಡುವ ಉಸಿರು ಗಂಟಲಿನಲ್ಲಿ ಎಲ್ಲಿ ತೊಡರುತ್ತದೆಯೋ ಅಲ್ಲಿಗೇ ನಿಲ್ಲುತ್ತೇನೆ. ಕೈ ಈಗ ಕಣಕಾಲಿನವರೆಗೆ ಹೋಗುತ್ತದೆ, ಹೆಬ್ಬೆರಳು ಇನ್ನೂ ನಾಲ್ಕು ಅಂಗುಲ ದೂರದಲ್ಲಿದೆ. ಅಪರಿಗ್ರಹದ, ಅಂದರೆ ಬೇಕುಬೇಕೆಂದು ಬಾಚಿಕೊಳ್ಳದಿರುವ ಯಮದ ವಿಷಯದಲ್ಲಿ ಮಾತ್ರ ನನ್ನ ಸಾಧನೆ ಅಷ್ಟಕ್ಕಷ್ಟೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಫ್ಯಾನಿನ ಕೆಳಗಿನ ಜಾಗಕ್ಕೆ ಈಗಲೂ ಹದಿನೈದು ನಿಮಿಷ ಮುಂಚೆ ಹೋಗಿ ಮ್ಯಾಟು ಹಾಸುತ್ತೇನೆ.

ಕೊರತೆಗಳೂ ಇವೆ. ನಾನು ಸೇರಿದಾಗ ಹದಿನೆಂಟು ಜನರಿದ್ದ ಬ್ಯಾಚಿನಲ್ಲಿ ಈಗ ಮೂವತ್ತು ಜನರಿದ್ದಾರೆ, ಕೈ ಚಾಚಿದರೆ ಪಕ್ಕದವರಿಗೆ ತಗಲುತ್ತದೆ. ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು. ಆ ಆರು ವಾರಗಳ ಹಣವನ್ನು ಮುಂದಿನ ಶುಲ್ಕಕ್ಕೆ ಹೊಂದಿಸಿಕೊಡಿರೆಂದು ಕೇಳಿದೆ, ಒಪ್ಪಲಿಲ್ಲ. ಅದನ್ನು ಸಂತೋಷವೆಂಬ, ಅಂದರೆ ಇದ್ದುದರಲ್ಲಿ ತೃಪ್ತಿಪಡುವ ನಿಯಮದ ಲೆಕ್ಕಕ್ಕೆ ಬರೆದುಕೊಳ್ಳಲು ನನ್ನಿಂದಾಗಲಿಲ್ಲ.

ಆಸನವನ್ನು ಕ್ರಮಬದ್ಧವಾಗಿ ಕಲಿಯಬೇಕೆನ್ನುವವರಿಗೆ ಈ ತರಗತಿ ಒಳ್ಳೆಯದು. ಶಾಸ್ತ್ರವನ್ನೂ ಗುರುಮುಖೇನ ಕೇಳಬೇಕೆನ್ನುವವರಿಗೆ ಇಲ್ಲಿ ನಿರಾಸೆಯಾದೀತು. ಹೊಸದಾಗಿ ಸೇರುವವರು ತಮ್ಮ ಹಳೆಯ ನೋವುಗಳನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು, ಬೆನ್ನು ಒತ್ತುವುದು ಬೇಡವೆಂದರೆ ಸಹಾಯಕರು ಬೇಸರಿಸಿಕೊಳ್ಳುವುದಿಲ್ಲ.